ಸಂಸಾರದೊಳಗೆ ಬಂದ ದೆವ್ವ: ಯಾವ ಕಥೆ ಯಾರಿಗೆ?

ಗಂಡ, ಹೆಂಡತಿ, ನಡುವೆ ಒಂದು ದೆವ್ವ. ಇಂಥ ಕಥೆಗಳು ಜಪಾನ್, ಚೀನಾ, ಭಾರತ ಎಲ್ಲ ಕಡೆ ರಾಶಿ ರಾಶಿ ಇವೆ. ಎಲ್ಲಿಂದ ಶುರು ಮಾಡಬೇಕು ಅನ್ನುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಯಾವುದು ಜಾಸ್ತಿ ಹೆದರಿಸುತ್ತೆ ಅಂತ. ಈ ಬಗೆಯ ಕಥೆ ಆರಿಸೋಕೆ ಆ ಅಳತೆ ಸಾಲದು. ನಾನು ಕೇಳುವುದು ಎರಡು ಪ್ರಶ್ನೆ. ಕೊಟ್ಟ ಮಾತನ್ನು ಮೊದಲು ಮುರಿದವರು ಯಾರು? ಗಂಡ ಮೋಹಿನಿಯ ಹಿಂದೆ ಹೋದಾಗ ಮನೆಯಲ್ಲಿ ಉಳಿದ ಹೆಂಡತಿಯನ್ನು ಕಥೆ ಮರೆಯುತ್ತದೋ, ನೆನಪಿಟ್ಟುಕೊಳ್ಳುತ್ತದೋ? ಒಳ್ಳೆಯ ಕಥೆಗಳಲ್ಲಿ ಸಂಸಾರ ದೆವ್ವ ಬರುವ ಮೊದಲೇ ಬಿರುಕು ಬಿಟ್ಟಿರುತ್ತದೆ. ದೆವ್ವ ಆ ಬಿರುಕಿನಿಂದ ಒಳಗೆ ಬರುತ್ತದೆ. ಇನ್ನು ಹೆಂಡತಿಯನ್ನು ಮರೆತ ಕಥೆ ಎಷ್ಟೇ ಚೆನ್ನಾಗಿ ಹೆದರಿಸಲಿ, ನನಗೆ ಅದು ಅರ್ಧ ಕಥೆ.

ಈ ಎರಡು ಪ್ರಶ್ನೆ ಇಟ್ಟುಕೊಂಡು ಕೆಲವು ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಹೆಚ್ಚಿನವು ಹಳೆಯವು, ಕೊನೆ ಗೊತ್ತಿದ್ದರೂ ಸಪ್ಪೆಯಾಗದವು. ಹಾಗಾಗಿ ಕಥೆ ಬಿಚ್ಚಿ ಹೇಳಿದ್ದೇನೆ. ಎರಡು ಕಡೆ ಮಾತ್ರ ಕೊನೆಯನ್ನು ಬೇಕಂತಲೇ ಹೇಳಿಲ್ಲ.

ದಾರಿ ಕಾಯುವ ಹೆಂಡತಿ

ಒಂದೇ ಒಂದು ಕಥೆ ಓದೋಕೆ ಪುರುಸೊತ್ತಿದೆ ಅನ್ನುವವರು ಉಎದಾ ಅಕಿನಾರಿಯ 'ಅಸಾಜಿ ಗಾ ಯಾದೊ' ಓದಲಿ. 1776ರಲ್ಲಿ ಜಪಾನಿನಲ್ಲಿ ಅಚ್ಚಾದ 'ಉಗೆತ್ಸು ಮೊನೊಗತಾರಿ' ಸಂಗ್ರಹದ ಒಂಬತ್ತು ಕಥೆಗಳಲ್ಲಿ ಇದೂ ಒಂದು. ಕತ್ಸುಶಿರೊ ಅನ್ನುವವನು ಬೇಸಾಯ ನೋಡಿಕೊಳ್ಳದೆ ಇದ್ದ ಆಸ್ತಿ ಕರಗಿಸುತ್ತಾನೆ. ಉಳಿದ ಜಮೀನು ಮಾರಿ, ರೇಷ್ಮೆ ಬಟ್ಟೆ ಕೊಂಡು, ಅದನ್ನು ಮಾರಲು ರಾಜಧಾನಿಗೆ ಹೊರಡುತ್ತಾನೆ. ಶರತ್ಕಾಲಕ್ಕೆ ವಾಪಸ್ ಬಂದುಬಿಡ್ತೀನಿ ಅಂತ ಹೆಂಡತಿ ಮಿಯಾಗಿಗೆ ಮಾತು ಕೊಡುತ್ತಾನೆ. ಅಷ್ಟರಲ್ಲಿ ಯುದ್ಧ. ವಾಪಸ್ ಬರುವ ದಾರಿಯಲ್ಲಿ ಕಳ್ಳರು ದೋಚುತ್ತಾರೆ. ಮುಂದೆ ದಾರಿ ಮುಚ್ಚಿದೆ ಅಂತ ಯಾರೋ ಹೇಳುತ್ತಾರೆ. ಊರು ಸುಟ್ಟಿರಬೇಕು, ಅವಳು ಸತ್ತಿರಬೇಕು ಅಂತ ತನಗೆ ತಾನೇ ಹೇಳಿಕೊಂಡು ಹಿಂದಕ್ಕೆ ತಿರುಗುತ್ತಾನೆ. ಹಾಗೇ ಏಳು ವರ್ಷ ಕಳೆಯುತ್ತದೆ.

ಈ ಕಥೆಯ ಜೀವ ಇರುವುದೇ ಇಲ್ಲಿ. ಕತ್ಸುಶಿರೊ ಕೆಟ್ಟವನಲ್ಲ. ಇನ್ನೊಬ್ಬಳ ಹಿಂದೆ ಹೋದವನೂ ಅಲ್ಲ. ಹೆಂಡತಿ ಸತ್ತಿದ್ದಾಳೆ ಅಂತ ನಂಬುವುದು ಅವನಿಗೆ ಅನುಕೂಲವಾಗಿತ್ತು, ನಂಬಿದ. ಅಷ್ಟೇ. ಕೊನೆಗೊಂದು ರಾತ್ರಿ ಊರಿಗೆ ಬರುತ್ತಾನೆ. ಕತ್ತಲಲ್ಲಿ ಸಿಡಿಲು ಬಡಿದು ಸೀಳಿದ ಪೈನ್ ಮರದ ಗುರುತು ಹಿಡಿದು ಮನೆ ಹುಡುಕುತ್ತಾನೆ. ಬಾಗಿಲ ಸಂದಿಯಲ್ಲಿ ಬೆಳಕು ಕಾಣುತ್ತದೆ. ಒಳಗೆ ಮಿಯಾಗಿ ಇದ್ದಾಳೆ. ಮೈ ಕಪ್ಪಿಟ್ಟಿದೆ, ಕಣ್ಣು ಗುಳಿಬಿದ್ದಿದೆ. ಇಬ್ಬರೂ ಅತ್ತು, ಮಾತಾಡಿ, ಮಲಗುತ್ತಾರೆ. ಬೆಳಗಿನ ಜಾವ ಮುಖದ ಮೇಲೆ ತಣ್ಣಗೆ ಏನೋ ತೊಟ್ಟಿಕ್ಕಿ ಎಚ್ಚರವಾಗುತ್ತದೆ. ಮೇಲೆ ಮಾಡು ಇಲ್ಲ, ಚಂದ್ರ ಕಾಣುತ್ತಿದ್ದಾನೆ. ನೆಲದ ಹಲಗೆ ಸಂದಿಯಿಂದ ಹುಲ್ಲು ಎದ್ದಿದೆ. ಪಕ್ಕದಲ್ಲಿ ಯಾರೂ ಇಲ್ಲ. ಆಮೇಲೆ ಅವಳ ಕೈಬರಹದ ಪುಟ್ಟ ಪದ್ಯವೊಂದು ಸಿಗುತ್ತದೆ. ಬರ್ತಾನೆ, ಬರ್ತಾನೆ ಅಂತ ಮನಸ್ಸಿಗೆ ಸುಳ್ಳು ಹೇಳಿಕೊಂಡು ಇವತ್ತಿನವರೆಗೆ ಬದುಕಿದೆನಲ್ಲ ಅನ್ನುವ ಅರ್ಥದ್ದು. ಗಂಡ ತನಗೆ ತಾನೇ ಸುಳ್ಳು ಹೇಳಿಕೊಂಡ, ಹೆಂಡತಿಯೂ ಹೇಳಿಕೊಂಡಳು. ಆ ಎರಡು ಸುಳ್ಳಿನ ತೂಕ ಒಂದೇ ಅಲ್ಲ.

ಇದರ ಪಕ್ಕದಲ್ಲಿ ಇಡಬೇಕಾದ ಕಥೆ, ಜಪಾನಿನಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ಲಫ್ಕಾಡಿಯೊ ಹರ್ನ್‌ನದು. 1900ರಲ್ಲಿ ಬಂದ ಅವನ ಪುಸ್ತಕವೊಂದರಲ್ಲಿದೆ. ಮೂಲ ಇನ್ನೂ ಹಳೆಯದು, ಜಪಾನಿನ ಪ್ರಾಚೀನ 'ಕೊಂಜಾಕು' ಕಥಾರಾಶಿಯಲ್ಲಿದೆ. ಬಡ ಸಮುರಾಯ್ ಒಬ್ಬ ನೇಯ್ಗೆ ಮಾಡಿ ಸಂಸಾರ ತೂಗಿಸುತ್ತಿದ್ದ ಹೆಂಡತಿಯನ್ನು ಬಿಟ್ಟು, ದೊಡ್ಡ ಮನೆತನದ ಹುಡುಗಿಯನ್ನು ಮದುವೆಯಾಗಿ ದೂರದ ಊರಿಗೆ ಹೋಗುತ್ತಾನೆ. ವರ್ಷಗಳ ಮೇಲೆ ಪಶ್ಚಾತ್ತಾಪಪಟ್ಟು ಹಿಂದಿರುಗುತ್ತಾನೆ. ಅವಳು ಅಲ್ಲೇ ಕೂತು ಕೆಲಸ ಮಾಡುತ್ತಿದ್ದಾಳೆ. ಬೈಯುವುದಿಲ್ಲ. ಬಡತನದಿಂದ ಹಾಗಾಯ್ತು ಬಿಡಿ ಅಂತ ತಾನೇ ಸಮಾಧಾನ ಹೇಳುತ್ತಾಳೆ. ರಾತ್ರಿಯೆಲ್ಲ ಮಾತು. ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಒಣಗಿದ ಹೆಣ, ಉದ್ದದ ಕಪ್ಪು ಕೂದಲು.

ಎರಡರ ಎಲುಬು ಒಂದೇ, ಪೆಟ್ಟು ಬೇರೆ. ಅಕಿನಾರಿಯ ಗಂಡನಿಗೆ ಸಿಗುವುದು ಖಾಲಿ ಜಾಗ. ಹರ್ನ್‌ನ ಗಂಡನಿಗೆ ಸಿಗುವುದು ಹೆಣ. ಮೊದಲನೆಯದು ಓದಿದರೆ ದುಃಖವಾಗುತ್ತದೆ, ಎರಡನೆಯದು ಓದಿದರೆ ಮೈ ನಡುಗುತ್ತದೆ. ಸತ್ತವಳು ಮೊದಲೇ ಕ್ಷಮಿಸಿಬಿಟ್ಟಿದ್ದಾಳೆ ಅನ್ನುವುದೇ ಅಲ್ಲಿ ಹೆಚ್ಚು ಚುಚ್ಚುತ್ತದೆ. ಮಸಾಕಿ ಕೊಬಯಾಶಿಯ 'ಕ್ವೈದಾನ್' ಸಿನಿಮಾದ ಮೊದಲ ಭಾಗ ಇದೇ ಕಥೆ. 1965ರಲ್ಲಿ ಕಾನ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆದ ಚಿತ್ರ ಅದು. ಅಲ್ಲಿ ಕೂದಲೇ ಅಟ್ಟಿಸಿಕೊಂಡು ಬರುತ್ತದೆ. ಪೂರ್ತಿ ಸಿನಿಮಾ ಸುಮಾರು ಮೂರು ಗಂಟೆ. ಪುರುಸೊತ್ತಿಲ್ಲದವರು ಈ ಭಾಗ ಮಾತ್ರ ನೋಡಬಹುದು, ಕಥೆಗಳು ಬಿಡಿಬಿಡಿ.

ಓದುವುದಕ್ಕಿಂತ ನೋಡುವುದೇ ಇಷ್ಟ ಅನ್ನುವವರಿಗೆ ಕೆಂಜಿ ಮಿಜೊಗುಚಿಯ 1953ರ 'ಉಗೆತ್ಸು'. ಅಕಿನಾರಿಯ ಎರಡು ಕಥೆಗಳನ್ನು ಸೇರಿಸಿ ಮಾಡಿದ್ದು. ವೆನಿಸ್‌ನಲ್ಲಿ ಬೆಳ್ಳಿ ಸಿಂಹ ಪಡೆಯಿತು. ಕುಂಬಾರ ಗೆಂಜುರೊ ಮಡಕೆ ಮಾರಲು ಹೋಗಿ, ವಕಾಸಾ ಅನ್ನುವ ಶ್ರೀಮಂತ ಹೆಣ್ಣಿನ ಮೋಹಕ್ಕೆ ಬೀಳುತ್ತಾನೆ. ಅವಳು ದೆವ್ವ. ಇಷ್ಟು ಸಾವಿರ ಸಿನಿಮಾಗಳಲ್ಲಿದೆ. ಮಿಜೊಗುಚಿ ಮಾಡಿದ ದೊಡ್ಡ ಕೆಲಸ ಬೇರೆ. ಗಂಡ ಅಲ್ಲಿ ರೇಷ್ಮೆ ಹಾಸಿನ ಮೇಲೆ ಇದ್ದಾಗ, ಇತ್ತ ಹೆಂಡತಿ ಮಗು ಕಟ್ಟಿಕೊಂಡು ದಾರಿಯಲ್ಲಿ ಹೋಗುತ್ತಿರುವುದನ್ನೂ ತೋರಿಸುತ್ತಾನೆ. ಹಸಿದ ಸೈನಿಕರು ಅವಳ ಕೈಯಲ್ಲಿದ್ದ ತುತ್ತಿಗಾಗಿ ಅವಳನ್ನು ಇರಿಯುತ್ತಾರೆ. ಕೊನೆಯ ಭಾಗದಲ್ಲಿ ಗಂಡ ಮನೆಗೆ ಬರುತ್ತಾನೆ. ಒಲೆ ಆರಿದೆ, ಮನೆ ಖಾಲಿ. ಹೆಂಡತಿಯ ಹೆಸರು ಕೂಗುತ್ತಾ ಮನೆಯ ಹಿಂದಿನಿಂದ ಸುತ್ತು ಹಾಕುತ್ತಾನೆ. ಕ್ಯಾಮೆರಾ ಅವನ ಜೊತೆಗೇ ತಿರುಗಿ, ಎಲ್ಲೂ ತುಂಡಾಗದೆ ಅದೇ ಕೋಣೆಗೆ ವಾಪಸ್ ಬರುವಷ್ಟರಲ್ಲಿ ಒಲೆ ಉರಿಯುತ್ತಿದೆ, ಪಕ್ಕದಲ್ಲಿ ಅವಳು ಕೂತಿದ್ದಾಳೆ. ಈ ಬಗೆಯ ಕಥೆಗಳಲ್ಲಿ ಇದಕ್ಕಿಂತ ಮೇಲಾದ ಒಂದು ನಿಮಿಷ ನಾನು ಕಂಡಿಲ್ಲ.

ಸೇಡು ಬೇಕು ಅನ್ನುವವರಿಗೆ

ಇಷ್ಟೆಲ್ಲ ಕ್ಷಮೆ ಯಾಕೆ, ಕೈಕೊಟ್ಟವನಿಗೆ ತಕ್ಕ ಶಾಸ್ತಿ ಆಗಬೇಕು ಅನ್ನಿಸುತ್ತದೆ ಅಲ್ವಾ? ಆಗ ಅಕಿನಾರಿಯದೇ 'ಕಿಬಿತ್ಸು ನೊ ಕಾಮಾ' ಇದೆ. ಇಸೊರಾ ಅರ್ಚಕರ ಮನೆಯ ಮಗಳು. ಮದುವೆಗೆ ಮೊದಲು ದೇವಸ್ಥಾನದ ಕಡಾಯಿಯಲ್ಲಿ ನೀರು ಕಾಯಿಸಿ ಶಕುನ ಕೇಳುತ್ತಾರೆ. ಗೂಳಿಯಂತೆ ಗುಟುರು ಹಾಕಿದರೆ ಶುಭ. ಅವತ್ತು ಕಡಾಯಿ ಸದ್ದೇ ಮಾಡುವುದಿಲ್ಲ. ಮಾತುಕತೆ ಮುಗಿದಿದೆ, ಹುಡುಗಿಗೂ ಆಸೆ ಇದೆ ಅಂತ ಮದುವೆ ಮಾಡಿಬಿಡುತ್ತಾರೆ. ಗಂಡ ಶೊತಾರೊಗೆ ಹೊರಗೊಬ್ಬಳು ಇದ್ದಾಳೆ. ಅವಳಿಗೊಂದು ದಾರಿ ಮಾಡಿಕೊಡಬೇಕು ಅಂತ ಹೆಂಡತಿಯ ಹತ್ತಿರವೇ ನಯವಾಗಿ ಕೇಳುತ್ತಾನೆ. ಇಸೊರಾ ತನ್ನ ಬಟ್ಟೆಬರೆ ಮಾರಿ ಹಣ ಹೊಂದಿಸಿಕೊಡುತ್ತಾಳೆ. ಅವನು ಆ ಹಣ ತೆಗೆದುಕೊಂಡು ಇನ್ನೊಬ್ಬಳ ಜೊತೆ ಓಡಿಹೋಗುತ್ತಾನೆ. ಮುಂದೆ ಅವನು ಮೈಮೇಲೆ ಮಂತ್ರ ಬರೆಸಿಕೊಂಡು, ಬಾಗಿಲಿಗೆ ರಕ್ಷೆ ಅಂಟಿಸಿಕೊಂಡು 42 ದಿನ ಒಳಗೇ ಕೂರಬೇಕಾಗುತ್ತದೆ. ರಾತ್ರಿ ರಾತ್ರಿ ಹೊರಗಿನಿಂದ ಸತ್ತ ಇಸೊರಾಳ ದನಿ. ಕೊನೆಯ ರಾತ್ರಿ ಏನಾಯಿತು ಅನ್ನುವುದನ್ನು ಹೇಳುವುದಿಲ್ಲ. ಅಕಿನಾರಿ ಕೂಡ ಹೆಚ್ಚುಕಮ್ಮಿ ತೋರಿಸುವುದಿಲ್ಲ. ಉಳಿದದ್ದನ್ನು ಮಾತ್ರ ತೋರಿಸುತ್ತಾನೆ. ಮೈನವಿರೇಳಲು ಅಷ್ಟೇ ಸಾಕು.

ಇದೇ ಸಾಲಿನ ಇನ್ನೊಂದು ಹೆಸರು 'ಯೊತ್ಸುಯಾ ಕೈದಾನ್'. ತ್ಸುರುಯಾ ನಾನ್‌ಬೊಕು ಬರೆದ ಕಬುಕಿ (ಜಪಾನಿನ ಸಾಂಪ್ರದಾಯಿಕ ರಂಗಪ್ರಕಾರ) ನಾಟಕ, 1825ರಲ್ಲಿ ರಂಗಕ್ಕೆ ಬಂತು. ಓಇವಾ ಬಾಣಂತಿ. ಗಂಡ ಇಯೆಮೊನ್ ಮೇಲೆ ಪಕ್ಕದ ಶ್ರೀಮಂತರ ಮನೆ ಹುಡುಗಿಗೆ ಆಸೆ. ಆ ಮನೆಯಿಂದ ಬಾಣಂತಿ ಔಷಧಿ ಅಂತ ವಿಷ ಬರುತ್ತದೆ. ಅವಳು ಕೈಮುಗಿದು ಕುಡಿಯುತ್ತಾಳೆ. ಮುಖ ವಿಕಾರವಾಗುತ್ತದೆ. ಆಮೇಲೆ ತಲೆ ಬಾಚಿಕೊಳ್ಳಲು ಕೂರುತ್ತಾಳೆ, ಒಂದೊಂದು ಸಲ ಬಾಚಿದಾಗಲೂ ಕೂದಲು ಗುಂಪು ಗುಂಪಾಗಿ ಕೈಗೆ ಬರುತ್ತದೆ.

ಎರಡರಲ್ಲಿ ಯಾವುದು? ನಾನು 'ಕಿಬಿತ್ಸು' ಕಡೆ. ಚಿಕ್ಕದು, ಬಿಗಿ ಇದೆ, ಇಸೊರಾಳ ಒಳ್ಳೆಯತನ ಎಲ್ಲಿ ಮುರಿಯಿತು ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. 'ಯೊತ್ಸುಯಾ' ದೊಡ್ಡ ನಾಟಕ, ಕವಲುಗಳು ತುಂಬಾ. ಅದರ ಹಿಂಸೆ ದೆವ್ವದ್ದಲ್ಲ, ಗಂಡನದು. ಬಾಣಂತಿಗೆ, ಹಸುಗೂಸಿಗೆ ಆಗುವ ಕ್ರೌರ್ಯ ನೋಡಲಾಗದವರು, ಮನೆಯೊಳಗಿನ ಹೊಡೆತ ಬಡಿತ ಕಂಡು ನೊಂದವರು ಇದನ್ನು ದಯವಿಟ್ಟು ಪಕ್ಕಕ್ಕಿಡಿ. ನೋಡಲೇಬೇಕು ಅನ್ನಿಸಿದರೆ ನೊಬುವೊ ನಕಾಗಾವಾನ 1959ರ ಸಿನಿಮಾ ಇದೆ, ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಮೋಹಿನಿ ಬಂದಾಗ

ಮೋಹದ ಕಥೆ ಬೇಕಾದವರು ಚೀನಾಕ್ಕೆ ಹೋಗಬೇಕು. ಪು ಸಾಂಗ್‌ಲಿಂಗ್ (1640–1715) ಸುಮಾರು ಐನೂರು ವಿಚಿತ್ರ ಕಥೆ ಬರೆದಿಟ್ಟ. ಅವನು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1766ರಲ್ಲಿ, ಅವು 'ಲಿಯಾವೊಝಾಯ್' ಹೆಸರಿನಲ್ಲಿ ಅಚ್ಚಾದವು. ಅದರಲ್ಲಿ ಎರಡು ಕಥೆ ಒಟ್ಟಿಗೆ ಓದಬೇಕು.

ಮೊದಲನೆಯದು 'ಹುವಾಪಿ'. ವಾಂಗ್ ಅನ್ನುವವನಿಗೆ ಬೆಳಗಿನ ಜಾವ ದಾರಿಯಲ್ಲಿ ಗಂಟು ಹೊತ್ತು ಒಬ್ಬಳೇ ಹೋಗುತ್ತಿರುವ ಹುಡುಗಿ ಸಿಗುತ್ತಾಳೆ. ಮನೆಗೆ ಕರೆದುಕೊಂಡು ಬಂದು ಓದುವ ಕೋಣೆಯಲ್ಲಿ ಬಚ್ಚಿಡುತ್ತಾನೆ. ಹೆಂಡತಿ ಚೆನ್, ಯಾರೋ ಏನೋ, ಕಳಿಸಿಬಿಡಿ ಅನ್ನುತ್ತಾಳೆ. ಕೇಳುವುದಿಲ್ಲ. ಒಂದು ದಿನ ಕಿಟಕಿಯಿಂದ ಇಣುಕಿದರೆ ಒಳಗೆ ಹಸಿರು ಮುಖದ, ಗರಗಸದ ಹಲ್ಲಿನ ಪಿಶಾಚಿ. ಹಾಸಿಗೆ ಮೇಲೆ ಮನುಷ್ಯರ ಚರ್ಮ ಹರಡಿಕೊಂಡು ಕುಂಚದಿಂದ ಬಣ್ಣ ಬಳಿಯುತ್ತಿದೆ. ಬಳಿದು ಮುಗಿಸಿ, ಚರ್ಮವನ್ನು ಬಟ್ಟೆ ಕೊಡವಿದಂತೆ ಕೊಡವಿ ಮೈಮೇಲೆ ಹಾಕಿಕೊಳ್ಳುತ್ತದೆ. ಮತ್ತೆ ಅದೇ ಚೆಲುವೆ. ಈ ದೃಶ್ಯ ಎಲ್ಲರಿಗೂ ಗೊತ್ತು. ಆದರೆ ಕಥೆಯ ನಿಜವಾದ ಭಾರ ಇರುವುದು ಆಮೇಲೆ. ಪಿಶಾಚಿ ವಾಂಗ್‌ನ ಎದೆ ಬಗೆದು ಗುಂಡಿಗೆ ಕಿತ್ತುಕೊಂಡು ಹೋಗುತ್ತದೆ. ಅವನನ್ನು ಬದುಕಿಸಿಕೊಳ್ಳಲು ಚೆನ್ ಸಂತೆಬೀದಿಯ ಹುಚ್ಚು ಭಿಕ್ಷುಕನ ಕಾಲು ಹಿಡಿಯಬೇಕು. ಅವನು ಹೊಡೆಯುತ್ತಾನೆ, ಜನರ ಎದುರೇ ತನ್ನ ಕಫ ನುಂಗಿಸುತ್ತಾನೆ. ಅವಳು ನುಂಗುತ್ತಾಳೆ. ಮನೆಗೆ ಬಂದು ಹೆಣದ ಮುಂದೆ ಅಳುವಾಗ ಗಂಟಲಿಂದ ಏನೋ ಜಾರಿ ಅವನ ಎದೆಯೊಳಗೆ ಬೀಳುತ್ತದೆ. ಅದು ಮಿಡಿಯುವ ಗುಂಡಿಗೆ. ಗಂಡನ ಚಪಲಕ್ಕೆ ಬೆಲೆ ತೆತ್ತವಳು ಯಾರು ಅಂತ ಇಷ್ಟು ನೇರವಾಗಿ ಹೇಳಿದ ಕಥೆ ಇನ್ನೊಂದಿಲ್ಲ.

ಎರಡನೆಯದು 'ನಿಯೆ ಶಿಯಾವೊಚಿಯೆನ್'. ಇಲ್ಲಿ ಮೋಹಿನಿ ಬರುತ್ತಾಳೆ, ಗಂಡಸು ಬೀಳುವುದಿಲ್ಲ. ನಿಂಗ್ ಮದುವೆಯಾದವನು. ರಾತ್ರಿ ಬಂದವಳನ್ನು, ಅವಳು ತಂದ ಚಿನ್ನವನ್ನು, ಎರಡನ್ನೂ ಹೊರಗೆ ಹಾಕುತ್ತಾನೆ. ಆಗ ಅವಳು ನಿಜ ಹೇಳುತ್ತಾಳೆ: ತನ್ನನ್ನೂ ಒಂದು ಪಿಶಾಚಿ ಹಿಡಿದಿಟ್ಟುಕೊಂಡು ಈ ಕೆಲಸ ಮಾಡಿಸುತ್ತಿದೆ. ಮುಂದೆ ಆ ದೆವ್ವ ಅವನ ಮನೆ ಸೇರಿ, ಅವನ ತಾಯಿಯ ಸೇವೆ ಮಾಡಿಕೊಂಡು, ಕಾಯಿಲೆಬಿದ್ದ ಹೆಂಡತಿ ತೀರಿಕೊಂಡ ಮೇಲೆ ಮದುವೆಯಾಗುತ್ತದೆ. 1987ರ ಹಾಂಗ್‌ಕಾಂಗ್ ಸಿನಿಮಾ 'ಎ ಚೈನೀಸ್ ಘೋಸ್ಟ್ ಸ್ಟೋರಿ' ಇದನ್ನೇ ಆಧರಿಸಿದ್ದು. ಓಡಾಟ, ಹಾಡು, ಹೊಡೆದಾಟ ಎಲ್ಲ ಇದೆ, ಸುಮ್ನೆ ಖುಷಿಗೆ ನೋಡಬಹುದು. ಆದರೆ ಅಲ್ಲಿ ನಾಯಕ ಬ್ರಹ್ಮಚಾರಿ. ಹೆಂಡತಿ, ತಾಯಿ ಇಬ್ಬರೂ ಮಾಯ. ಹಾಗಾಗಿ ಮೋಹಕ್ಕೆ ಬೆಲೆಯೂ ಇಲ್ಲ. ನನ್ನ ಆಯ್ಕೆ ಮೂಲ ಕಥೆಯೇ.

ಇಂಗ್ಲಿಷ್ ಅನುವಾದದಲ್ಲಿ ಓದುವವರು ಒಂದು ವಿಷಯ ಗಮನಿಸಿ. ಹರ್ಬರ್ಟ್ ಜೈಲ್ಸ್‌ನ 1880ರ ಅನುವಾದ ಪುಕ್ಕಟೆ ಸಿಗುತ್ತದೆ, ಆದರೆ ಅವನು ಶೃಂಗಾರದ ಜಾಗಗಳಿಗೆಲ್ಲ ಕತ್ತರಿ ಹಾಕಿದ್ದಾನೆ. ಮೋಹದ ಕಥೆಯಲ್ಲಿ ಮೋಹವನ್ನೇ ತೆಗೆದರೆ ಉಳಿಯುವುದೇನು? ಜಾನ್ ಮಿನ್‌ಫರ್ಡ್ ಮಾಡಿದ 2006ರ ಅನುವಾದ ಹುಡುಕಿ.

ಅಕಿನಾರಿಯ ಹಾವಿನ ಕಥೆ 'ಜಾಸೆಯ್ ನೊ ಇನ್' ಕೂಡ ಈ ಗುಂಪಿಗೆ ಸೇರಿದ್ದು. ಮಳೆಯಲ್ಲಿ ಛತ್ರಿ ಕೊಟ್ಟಷ್ಟಕ್ಕೆ ಶುರುವಾದ ಪ್ರೀತಿ. ಹುಡುಗ ತೊಯೊ ಹೇಗೋ ತಪ್ಪಿಸಿಕೊಂಡು ಬೇರೆ ಮದುವೆಯಾದರೆ, ಎರಡನೇ ರಾತ್ರಿ ಹೊಸ ಹೆಂಡತಿಯ ಬಾಯಿಂದ ಹಳೆಯವಳ ದನಿ ಬರುತ್ತದೆ. ಇದರ ಬೇರು ಚೀನಾದ ಬಿಳಿ ಹಾವಿನ ಕಥೆಯಲ್ಲಿದೆ. ಚೀನಾದಲ್ಲಿ ಕಾಲ ಕಳೆದಂತೆ ಆ ಹಾವು ಗಂಡನನ್ನು ಮನಸಾರೆ ಪ್ರೀತಿಸುವ ಹೆಂಡತಿಯಾಗಿ, ಅವಳನ್ನು ಬಂಧಿಸಿದ ಸನ್ಯಾಸಿಯೇ ಖಳನಾದ. ಮೋಹಿನಿಯ ಮೇಲೆ ಕನಿಕರ ಇರುವವರು ಚೀನಾದ ನಂತರದ ರೂಪಗಳನ್ನು ಹಿಡಿಯಲಿ.

ಹಾಗೇ ಜಪಾನಿನ 'ಬೊತಾನ್ ದೋರೊ'. ರಾತ್ರಿ ಮರದ ಚಪ್ಪಲಿಯ ಸದ್ದು, ಲಾಂದ್ರ ಹಿಡಿದ ದಾಸಿ, ಅವಳ ಬೆನ್ನಿಗೆ ಸತ್ತುಹೋದ ಪ್ರೇಯಸಿ. 19ನೇ ಶತಮಾನದ ಕಥೆಗಾರ ಎಂಚೊ ಇದನ್ನು ವೇದಿಕೆ ಮೇಲೆ ಕೂತು ಹೇಳುತ್ತಿದ್ದ. ಅವನ ರೂಪವೇ ನನಗಿಷ್ಟ, ಕಾರಣ ಪಕ್ಕದ ಮನೆಯ ಗಂಡಹೆಂಡತಿ. ದೆವ್ವದಿಂದ ನೂರು ರ್ಯೊ ಲಂಚ ತಿಂದು ಪ್ರೇಮಿಯ ಬಾಗಿಲಿನ ರಕ್ಷೆ ಕೀಳುವವರು ಇವರೇ. ಆ ದುಡ್ಡು ಅವರ ಸಂಸಾರವನ್ನೂ ನುಂಗುತ್ತದೆ. ಸತ್ತವರು ಪ್ರೀತಿಸಿದರು, ಬದುಕಿದ್ದವರು ಒಬ್ಬರನ್ನೊಬ್ಬರು ಮಾರಿಕೊಂಡರು.

ಮಕ್ಕಳ ಜೊತೆ ಕೂತು ಓದಬಹುದಾದದ್ದು ಒಂದೇ, ಹರ್ನ್‌ನ 'ಯುಕಿ ಓನ್ನಾ'. 1904ರ 'ಕ್ವೈದಾನ್' ಪುಸ್ತಕದಲ್ಲಿದೆ. ಹಿಮದ ಹೆಣ್ಣು ಹತ್ತು ಮಕ್ಕಳ ತಾಯಿಯಾಗಿ ಚೆನ್ನಾಗಿ ಬಾಳುತ್ತಾಳೆ. ನನ್ನನ್ನು ಕಂಡದ್ದನ್ನು ಯಾರಿಗೂ ಬಾಯಿ ಬಿಡಬೇಡ ಅಂತ ಅವಳು ಹಿಂದೊಮ್ಮೆ ಅಂದ ಒಂದು ಮಾತನ್ನು ಗಂಡ ಮೀರುತ್ತಾನೆ, ಅದೂ ಪ್ರೀತಿಯಿಂದ, ದೀಪದ ಬೆಳಕಲ್ಲಿ ಹೊಲಿಯುತ್ತಾ ಕೂತ ಅವಳ ಮುಖ ನೋಡಿ. ಹರ್ನ್‌ಗೆ ಜಪಾನಿನ ಎಷ್ಟೋ ಕಥೆ ಹೇಳಿದವಳು ಅವನ ಹೆಂಡತಿ ಸೆತ್ಸು. ಅದು ನೆನಪಿದ್ದರೆ ಅವನ ಹೆಂಡತಿ ಪಾತ್ರಗಳಿಗೆ ಅಷ್ಟು ಉಸಿರು ಹೇಗೆ ಬಂತು ಅಂತ ಗೊತ್ತಾಗುತ್ತದೆ.

ರವೀಂದ್ರನಾಥ ಟ್ಯಾಗೋರರ 'ಮಣಿಹಾರಾ' ಇದೆಲ್ಲದರಿಂದ ಸ್ವಲ್ಪ ಬೇರೆ. ಅಲ್ಲಿ ಗಂಡ ಒಳ್ಳೆಯವನು, ಹೆಂಡತಿಯ ಮನಸ್ಸೆಲ್ಲ ಒಡವೆಯ ಮೇಲೆ. ಅವಳು ಕಾಣೆಯಾದ ಮೇಲೆ ರಾತ್ರಿ ಘಾಟಿನ ಮೆಟ್ಟಿಲಿನಿಂದ ಒಡವೆಯ ಸದ್ದು ಹತ್ತಿ ಬರುತ್ತದೆ. ಕೊನೆಯ ಕೆಲವು ಸಾಲು ಇಡೀ ಕಥೆಯನ್ನೇ ಬುಡಮೇಲು ಮಾಡುತ್ತವೆ, ಅದನ್ನು ನೀವೇ ಓದಿ. ಸತ್ಯಜಿತ್ ರಾಯ್ 1961ರಲ್ಲಿ 'ತೀನ್ ಕನ್ಯಾ' ಚಿತ್ರದ ಒಂದು ಭಾಗವಾಗಿ ಇದನ್ನು ತೆರೆಗೆ ತಂದರು. ಭಯವೇ ಬೇಡ, ನಗಬೇಕು ಅಷ್ಟೇ ಅನ್ನುವವರಿಗೆ ನೊಯೆಲ್ ಕವರ್ಡ್‌ನ 1941ರ ನಾಟಕ 'ಬ್ಲೈತ್ ಸ್ಪಿರಿಟ್' ಸಾಕು. ಮೊದಲ ಹೆಂಡತಿಯ ದೆವ್ವ, ಎರಡನೇ ಹೆಂಡತಿ, ನಡುವೆ ಸಿಕ್ಕಿಬಿದ್ದ ಗಂಡ.

ಗಂಡನ ರೂಪದಲ್ಲಿ ಬಂದವನು

ಇಲ್ಲಿಯವರೆಗೆ ಮೋಹಕ್ಕೆ ಬಿದ್ದವರೆಲ್ಲ ಗಂಡಸರು. ಹೆಣ್ಣಿನ ಆಸೆಯ ಕಡೆಯಿಂದ ಹೇಳಿದ ಕಥೆ ಬೇಕಾದರೆ ಎರಡು ಇವೆ, ಎರಡೂ ನಮ್ಮ ಕಡೆಯವೇ. ವಿಜಯದಾನ್ ದೇಥಾ ರಾಜಸ್ಥಾನಿಯಲ್ಲಿ ಬರೆದ 'ದುವಿಧಾ' ಒಂದು. ಗಿರೀಶ ಕಾರ್ನಾಡರ 'ನಾಗಮಂಡಲ' ಇನ್ನೊಂದು. ನಾಗಮಂಡಲದಲ್ಲಿ ಬರುವುದು ದೆವ್ವವಲ್ಲ, ನಾಗ. ಆದರೂ ಈ ಸಾಲಿಗೆ ಅದು ಬೇಕೇ ಬೇಕು.

ದುವಿಧಾದಲ್ಲಿ ವ್ಯಾಪಾರಿಯ ಮಗ ಮದುವೆಯಾದ ಕೂಡಲೇ ದುಡ್ಡು ಮಾಡಲು ಐದು ವರ್ಷಕ್ಕೆ ಊರು ಬಿಡುತ್ತಾನೆ. ಅವಳನ್ನು ಕಂಡು ಮನಸೋತಿದ್ದ ಮರದ ದೆವ್ವ ಅವನ ರೂಪ ತೊಟ್ಟು ಮನೆಗೆ ಬರುತ್ತದೆ. ಬಂದದ್ದೇ ಅವಳಿಗೆ ನಿಜ ಹೇಳಿಬಿಡುತ್ತದೆ: ನಾನು ನಿನ್ನ ಗಂಡ ಅಲ್ಲ, ದೆವ್ವ. ಬೇಕೋ ಬೇಡವೋ ನೀನೇ ಹೇಳು. ತಾಳಿ ಕಟ್ಟಿದವನು ಅವಳನ್ನು ಒಂದು ಮಾತೂ ಕೇಳದೆ ಹೊರಟಿದ್ದ. ದೆವ್ವ ಕೇಳಿತು. ಅವಳು ಒಪ್ಪಿದಳು.

ನಾಗಮಂಡಲದಲ್ಲಿ ಅಪ್ಪಣ್ಣ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ಬೀಗ ಜಡಿದು ಹೋಗುತ್ತಾನೆ, ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ಗಂಡನನ್ನು ಒಲಿಸಿಕೊಳ್ಳಲು ಕುರುಡವ್ವ ಕೊಟ್ಟ ಬೇರನ್ನು ಅರೆದು ಬೆರೆಸಿದ ಸಾರು ಹುತ್ತ ಸೇರುತ್ತದೆ. ರಾತ್ರಿಯಾದರೆ ನಾಗ ಅಪ್ಪಣ್ಣನ ರೂಪದಲ್ಲಿ ಬಂದು ಅವಳ ಮಾತು ಕೇಳುತ್ತಾ ಕೂರುತ್ತಾನೆ. ಹಗಲಿನ ಗಂಡ ಬೈಯುತ್ತಾನೆ, ರಾತ್ರಿಯ ಗಂಡ ಮುದ್ದಿಸುತ್ತಾನೆ. ಇವನು ಬೇರೆ ಅಂತ ಅವಳಿಗೆ ಯಾರೂ ಹೇಳುವುದಿಲ್ಲ. ಆದರೂ ಅವಳಿಗೆ ಒಳಗೊಳಗೆ ಎಷ್ಟು ಗೊತ್ತಿತ್ತು ಅನ್ನುವುದನ್ನು ಕಾರ್ನಾಡರು ಕೊನೆಯವರೆಗೂ ತೂಗಾಡಿಸುತ್ತಾರೆ. ಗರ್ಭಿಣಿಯಾದಾಗ ಊರ ಪಂಚಾಯ್ತಿ ಮುಂದೆ ನಾಗನನ್ನೇ ಕೈಯಲ್ಲಿ ಹಿಡಿದು ಅವಳು ಆಡುವ ಪ್ರಮಾಣದ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ.

ಇಬ್ಬರು ಜೊತೆಯಾಗಿ ಓದಿ ಮಾತಾಡಲು ಇವೆರಡಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಮೊದಲು ದುವಿಧಾ, ಅದು ನೇರ. ಆಮೇಲೆ ನಾಗಮಂಡಲ. ಸಿನಿಮಾ ನೋಡುವುದಾದರೆ ನಾಗಮಂಡಲವನ್ನು ಟಿ.ಎಸ್. ನಾಗಾಭರಣ 1997ರಲ್ಲಿ ಮಾಡಿದ್ದಾರೆ. ದುವಿಧಾಕ್ಕೆ ಎರಡು ಸಿನಿಮಾ: ಮಣಿ ಕೌಲ್ ಅವರ 1973ರ 'ದುವಿಧಾ', ಅಮೋಲ್ ಪಾಲೇಕರ್ ಅವರ 2005ರ 'ಪಹೇಲಿ'. ಪಹೇಲಿಯಲ್ಲಿ ಬಣ್ಣ, ಹಾಡು, ದೊಡ್ಡ ತಾರೆಯರು ಇದ್ದಾರೆ, ಕೊನೆಯೂ ನೋಡುವವರಿಗೆ ಹಿತವಾಗುವಂತೆ ಬದಲಾಗಿದೆ. ಮಣಿ ಕೌಲ್ ಅವರದು ನಿಧಾನ, ಮಾತು ಕಮ್ಮಿ, ತಾಳ್ಮೆ ಬೇಕು. ಆದರೆ ದೆವ್ವವನ್ನು ಚರ್ಮದ ಚೀಲದಲ್ಲಿ ಕಟ್ಟಿಹಾಕಿದ ಮೇಲೆ ಆ ಹೆಣ್ಣಿಗೆ ಉಳಿದ ಬದುಕು ಎಂಥದ್ದು ಅಂತ ಅವರ ಚಿತ್ರ ಮುಚ್ಚಿಡುವುದಿಲ್ಲ. ಒಂದೇ ನೋಡುವುದಾದರೆ ಅದನ್ನೇ ನೋಡಿ.